ಇಪ್ಪತ್ತು ಎಣಿಸುವವರೆಗೆ

ವಿಜಯಸಾರಥಿ ಸುಳ್ಳು ಹೇಳಿ ಅನ್ನ ತಿಂದ ಮನುಷ್ಯ. ಇದು ಬೈಗುಳವಲ್ಲ, ಅವನೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ ಮಾತು. ಬೇಲೂರಿನಲ್ಲಿ ದೇವಸ್ಥಾನದ ಸೇವೆ ಮಾಡಿಕೊಂಡು ಬಂದ ಮನೆತನದಲ್ಲಿ ಹುಟ್ಟಿದವನು, ಆರತಿ ತಟ್ಟೆ ಹಿಡಿದು ನಿಲ್ಲುವುದು ತನ್ನ ಕೈಲಾಗದು ಎಂದು ಮೂವತ್ತನೇ ವಯಸ್ಸಿನಲ್ಲಿ ಹಳೇಬೀಡಿಗೆ ಹೋಗಿ ಗೈಡಾದ. ಆಮೇಲೆ ಮೂವತ್ತನಾಲ್ಕು ವರ್ಷ ಅಲ್ಲಿನ ದೇವಸ್ಥಾನ ನಿಂತಿರುವ ಕಲ್ಲಿನ ಜಗತಿಯ ಸುತ್ತ ಜನರನ್ನು ಸುತ್ತಿಸಿದ.

ಗೋಡೆಯ ಬುಡದ ಸಾಲಿನಲ್ಲಿರುವ ಆನೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎಂದು ಅಲ್ಲಿನ ಎಲ್ಲ ಗೈಡುಗಳೂ ಹೇಳುತ್ತಾರೆ. ವಿಜಯಸಾರಥಿ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಒಂದು ಆನೆಗೆ ಹೊಟ್ಟೆನೋವು, ಒಂದಕ್ಕೆ ಮಾವುತನ ಮೇಲೆ ಮುನಿಸು, ಮೂಲೆಯಲ್ಲಿರುವುದು ಬಸುರಿ. ಗೇಟಿನ ಬಳಿ ಎಳನೀರು ಮಾರುವ ಹುಚ್ಚಣ್ಣ ದಿನಾ ಬೆಳಗ್ಗೆ ಅವನನ್ನು ಕೆಣಕುತ್ತಿದ್ದ.

"ಏನ್ ಸ್ವಾಮಿ, ಆ ಆನೆ ಇನ್ನೂ ಹಡೆದಿಲ್ವಾ? ನಾನು ಬಂದಾಗಿಂದ ಬಸುರಿ ಅಂತಿದ್ದೀರಲ್ಲ."

"ಕಲ್ಲಿನ ಬಸಿರು ಕಣೋ, ನಿಧಾನ," ಎನ್ನುತ್ತಿದ್ದ ವಿಜಯಸಾರಥಿ.

ಅವನ ಕೆಲಸದ ಗುಟ್ಟು ಒಂದೇ. ಮೊದಲು ಜನರಿಗೆ ಪ್ರಶ್ನೆ ಹಾಕಬೇಕು. ಈ ಕುದುರೆ ಯಾಕೆ ಹಿಂದೆ ತಿರುಗಿ ನೋಡುತ್ತಿದೆ, ಹೇಳಿ ನೋಡೋಣ. ಹಾಕಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಬೇಕು. ಮೂರರೊಳಗೆ ಜನ ತಲೆ ಎತ್ತುತ್ತಾರೆ, ಬಾಯಿ ಅರ್ಧ ತೆರೆಯುತ್ತಾರೆ. ಆಗ ಉತ್ತರವನ್ನು ತಾನೇ ಹೇಳಿಬಿಡಬೇಕು. ನಾಲ್ಕಕ್ಕೆ ಹೋದರೆ ಯಾರೋ ಒಬ್ಬ ಮೊಬೈಲು ತೆಗೆಯುತ್ತಾನೆ, ಐದಕ್ಕೆ ಯಾವುದೋ ಮಗು ಉಚ್ಚೆ ಅನ್ನುತ್ತದೆ, ಕತೆ ಕೆಟ್ಟಿತು. ಹೊಸ ಗೈಡುಗಳಿಗೆಲ್ಲ ಅವನು ಹೇಳಿಕೊಟ್ಟಿದ್ದು ಇದನ್ನೇ. ಮೂರಕ್ಕಿಂತ ಹೆಚ್ಚು ಹೊತ್ತು ಬಾಯಿ ಮುಚ್ಚಬೇಡಿ.

ಅವನ ಹೆಂಡತಿ ಕೋಮಲವಲ್ಲಿಯದು ಇದಕ್ಕೆ ತದ್ವಿರುದ್ಧ. ಆಕೆ ಹಾರನಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಕನ್ನಡ ಪಾಠ ಮಾಡಿದ ಮೇಡಂ. ಅರಸೀಕೆರೆಯಲ್ಲಿ ಸ್ಟೇಷನ್ನಿನ ಹಿಂದೆ ಬಾಡಿಗೆ ಮನೆ. ಬೆಳಗಾದರೆ ಆಕೆ ಹಾರನಹಳ್ಳಿಯ ಟೆಂಪೊ ಹತ್ತುವುದು, ಇವನು ಹಳೇಬೀಡಿನ ಬಸ್ಸು ಹತ್ತುವುದು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಆಕೆ ಉತ್ತರ ಬರುವವರೆಗೆ ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಿದ್ದಳಂತೆ. ಬೆಲ್ಲು ಹೊಡೆದರೂ ನಿಲ್ಲುತ್ತಿದ್ದಳಂತೆ. ಹಳೆಯ ಮಕ್ಕಳು ಈಗಲೂ ಅದನ್ನು ನೆನೆಸಿಕೊಂಡು ಬೆವರುತ್ತಾರೆ.

ವರ್ಷಕ್ಕೊಂದು ಸಲ ಆಕೆ ಹತ್ತನೇ ಕ್ಲಾಸಿನ ಮಕ್ಕಳನ್ನು ಹಳೇಬೀಡಿಗೆ ಕರೆತರುತ್ತಿದ್ದಳು. ಗಂಡನೇ ಗೈಡು. ಅವನು ಒಂದು ಸುತ್ತು ಹೊಡೆಸಿ ಕತೆಯೆಲ್ಲ ಹೇಳಿ ಮುಗಿಸಿದ ಮೇಲೆ, ಆಕೆ ಮಕ್ಕಳನ್ನು ಹುಲ್ಲಿನ ಮೇಲೆ ಕೂರಿಸಿ ಅವನ ಮಾತನ್ನು ಬಿಡಿಬಿಡಿಯಾಗಿ ಬಿಚ್ಚುತ್ತಿದ್ದಳು. ಈಗ ಇವರು ಹೇಳಿದ್ದರಲ್ಲಿ ಉಪಮೆ ಯಾವುದು, ರೂಪಕ ಯಾವುದು, ಅತಿಶಯೋಕ್ತಿ ಯಾವುದು, ಹಸಿ ಸುಳ್ಳು ಯಾವುದು? ಮಕ್ಕಳು ಕೈ ಎತ್ತಿದ್ದೇ ಎತ್ತಿದ್ದು. ವಿಜಯಸಾರಥಿ ಪಕ್ಕದಲ್ಲಿ ನಿಂತು ನಗುತ್ತಿದ್ದ. ನಿನ್ನ ಅಲಂಕಾರ ಕಟ್ಟಿಕೊಂಡು ಯಾವ ಬಸ್ಸಿನ ಜನರನ್ನೂ ನಗಿಸೋಕಾಗಲ್ಲ ಎಂದು ಮನೆಯಲ್ಲಿ ಹಂಗಿಸುತ್ತಿದ್ದ. ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಒಂದು ಮಾತ್ರ, ಮೂಲೆಯ ಬಸುರಿ ಆನೆಯ ಮುಂದೆ ಆಕೆ ಯಾವತ್ತೂ ನಿಲ್ಲುತ್ತಿರಲಿಲ್ಲ. ಮಕ್ಕಳನ್ನು ಗಂಡನ ಜೊತೆ ಬಿಟ್ಟು ಅಷ್ಟು ದೂರ ಮುಂದೆ ಹೋಗಿ ನಿಂತಿರುತ್ತಿದ್ದಳು.

ಅವರಿಗೆ ಮಕ್ಕಳಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಹುಟ್ಟಿತ್ತು, ಉಸಿರಿಲ್ಲದೆ. ಹೆಣ್ಣು. ಆವತ್ತು ವಿಜಯಸಾರಥಿ ಆಸ್ಪತ್ರೆಯ ಮಂಚದ ತುದಿಯಲ್ಲಿ ಕೂತು, ಹೆಂಡತಿಯ ಪಾದ ಹಿಡಿದುಕೊಂಡು, ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಅವನ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ ಇನ್ನೊಂದು ದಿನವೂ ಇತ್ತು. ಅದು ಆಮೇಲೆ ಬರುತ್ತದೆ.

ರಿಟೈರಾದ ಮರುವರ್ಷ, ಸಂಕ್ರಾಂತಿ ಕಳೆದ ವಾರ, ಕೋಮಲವಲ್ಲಿಗೆ ಲಕ್ವ ಹೊಡೆಯಿತು. ಬಟ್ಟೆ ಒಣಗಿಸುತ್ತಿದ್ದವಳು ತಂತಿ ಹಿಡಿದುಕೊಂಡೇ ಕುಸಿದಳು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಬಿದ್ದುಹೋಯಿತು. ಮೂರು ವಾರ ಬಿಟ್ಟು ಮನೆಗೆ ಬಂದಾಗ ಆಕೆಯ ಬಾಯಲ್ಲಿ ಉಳಿದಿದ್ದು ಎರಡೇ. ಕೇಳಿದ್ದಕ್ಕೆಲ್ಲ "ಹ್ಞೂ". ಅದು ಬಿಟ್ಟರೆ "ಆವತ್ತು".

ಆವತ್ತು ಎಂದು ಶುರು ಮಾಡುವುದು, ಗಂಡನ ಮುಖವನ್ನೇ ನೋಡುವುದು, ತುಟಿ ಅಲ್ಲಾಡಿಸುವುದು, ನಿಂತುಹೋಗುವುದು. ದಿನಕ್ಕೆ ನಾಲ್ಕು ಸಲ, ಐದು ಸಲ. ಏನೋ ಒಂದು ಹೇಳಬೇಕಿತ್ತು ಆಕೆಗೆ. ನೀರು ಬೇಕು, ಬೆನ್ನು ನೋಯುತ್ತಿದೆ ಎನ್ನುವಂಥದ್ದಲ್ಲ. ಅವಕ್ಕೆ ಎಡಗೈ ಇತ್ತು. ಇದು ಎಂದೋ ಒಂದು ದಿನದ ಸಂಗತಿ. ಅದನ್ನು ಹೆಂಡತಿಯ ಬಾಯಿಂದ ಕೇಳಬೇಕು ಎನ್ನುವುದು ಬಿಟ್ಟರೆ ವಿಜಯಸಾರಥಿಗೆ ಆ ವರ್ಷ ಬೇರೆ ಆಸೆ ಇರಲಿಲ್ಲ. ಕೆಲಸಕ್ಕೆ ವಾರದಲ್ಲಿ ಎರಡು ದಿನ ಮಾತ್ರ ಹೋದ. ಮಿಕ್ಕ ದಿನ ಮನೆಯಲ್ಲೇ.

ಸುದ್ದಿ ಕೇಳಿ ರಂಜನಾ ಬಂದಳು. ಹಾರನಹಳ್ಳಿಯಲ್ಲಿ ಮೇಡಂ ಕೈಲಿ ಓದಿದ ಹುಡುಗಿ, ಈಗ ಹಾಸನದಲ್ಲಿ ಮಾತು ಬಿದ್ದವರಿಗೆ ಮಾತು ಕಲಿಸುವ ಥೆರಪಿಸ್ಟು. ಪ್ರತಿ ಶನಿವಾರ ರೈಲಿನಲ್ಲಿ ಬಂದು ಹೋಗುತ್ತೇನೆ ಎಂದಳು. ಅರಸೀಕೆರೆಯಲ್ಲಿ ಗಂಟಲು ಹರಿದುಕೊಂಡು ಕೊಬ್ಬರಿ ಹರಾಜು ಕೂಗುವವರು ಸಾವಿರ ಜನ ಸಿಕ್ಕುತ್ತಾರೆ, ಮಾತು ಕಳೆದುಕೊಂಡವರಿಗೆ ಒಬ್ಬ ದಿಕ್ಕಿರಲಿಲ್ಲ. ಈ ಹುಡುಗಿ ಬರದೆ ಹೋಗಿದ್ದರೆ ಕೋಮಲವಲ್ಲಿ ಹ್ಞೂ ಎನ್ನುತ್ತಲೇ ಸಾಯುತ್ತಿದ್ದಳು.

ರಂಜನಾ ಮೊದಲು ಕೇಳಿದ್ದು ಮೇಡಂ ಅವರ ಮಿಂಚುಪಟ್ಟಿಗಳನ್ನು. ಅಂಗೈ ಅಗಲದ ರಟ್ಟಿನ ಚೀಟಿಗಳು. ಮುಂದೆ ಒಂದು ಪದ, ಹಿಂದೆ ಅದರ ಅರ್ಥ ಮತ್ತೊಂದು ಉದಾಹರಣೆ. ಕ್ಲಾಸಿನಲ್ಲಿ ಎತ್ತಿ ಹಿಡಿದು ತೋರಿಸಿ ಇಳಿಸುವುದಕ್ಕೆ. ಟ್ರಂಕಿನ ತಳದಲ್ಲಿ ದಾರ ಕಟ್ಟಿಟ್ಟಿದ್ದ ಕಟ್ಟು ಸಿಕ್ಕಿತು. ರಂಜನಾ ಮೇಲಿನದನ್ನೇ ತೆಗೆದು ಕಣ್ಣಿನ ಮುಂದೆ ಹಿಡಿದಳು. ಉಪಮೆ.

ಕೋಮಲವಲ್ಲಿ ಅದನ್ನು ನೋಡಿದಳು. ನೋಡಿದವಳೇ ಬೆನ್ನು ನೆಟ್ಟಗೆ ಮಾಡಿ, ಒಂದೇ ಉಸಿರಿಗೆ, ಸ್ಫುಟವಾಗಿ ಹೇಳಿದಳು. "ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ."

ವಿಜಯಸಾರಥಿ ಹೌಹಾರಿದ. ಮನೆಯಲ್ಲಿ ಅವರು ಆಡುತ್ತಿದ್ದದ್ದು ತಮ್ಮ ಅಯ್ಯಂಗಾರ್ ಜನರ ಹೆಬ್ಬಾರ್ ತಮಿಳು. ಅದರಲ್ಲಿ ಒಂದು ಪದವೂ ಬಾಯಿಗೆ ಬಾರದೆ ಹೋಗಿರುವಾಗ ಶಾಲೆಯ ಕನ್ನಡ ಹೀಗೆ ಎದ್ದು ಕೂತಿದ್ದನ್ನು ಕಂಡು, ಎಲ್ಲ ವಾಪಸ್ಸು ಬಂತು ಎಂದೇ ತಿಳಿದು ಕಣ್ಣು ಒರೆಸಿಕೊಂಡ. ರಂಜನಾ ಅವನನ್ನು ಅಡುಗೆಮನೆಗೆ ಕರೆದು ಮೆತ್ತಗೆ ತಿಳಿಸಿದಳು. ಇದು ಬಾಯಿಪಾಠ. ಮೂವತ್ತಮೂರು ವರ್ಷ ಸವೆಸಿದ ದಾರಿ, ಕಾಲು ತಾನಾಗಿ ನಡೆಯುತ್ತದೆ. ತನ್ನ ಮಾತು ತಾನಾಡುವುದು ಬೇರೆ. ಆದರೆ ಈ ದಾರಿ ಹಿಡಿದೇ ಅಲ್ಲಿಗೆ ಹೋಗಬಹುದು. ದಿನಾ ಒಂದು ಚೀಟಿ ತೋರಿಸಬೇಕು, ಬಾಯಿಪಾಠ ಆದ ಮೇಲೆ ಅವರದೇ ಒಂದು ಉದಾಹರಣೆ ಕೇಳಬೇಕು. ಕೇಳಿದ ಮೇಲೆ ಮನಸ್ಸಿನಲ್ಲಿ ಇಪ್ಪತ್ತು ಎಣಿಸಬೇಕು. ಇಪ್ಪತ್ತು ಮುಗಿಯುವವರೆಗೆ ಬಾಯಿ ಬಿಡಬಾರದು.

"ಇಪ್ಪತ್ತಾ?" ಎಂದ ವಿಜಯಸಾರಥಿ.

"ಇಪ್ಪತ್ತು, ಸಾರ್. ಇನ್ನೊಂದು, ಅವರು ಹ್ಞೂ ಅನ್ನೋದನ್ನ ನಂಬಬೇಡಿ. ಈಗ ಅವರಿಗೆ ಹೌದೂ ಹ್ಞೂನೇ, ಅಲ್ಲವೂ ಹ್ಞೂನೇ."

ಹೀಗೆ ಅರವತ್ತನಾಲ್ಕನೇ ವಯಸ್ಸಿನಲ್ಲಿ ವಿಜಯಸಾರಥಿ ಹತ್ತನೇ ಕ್ಲಾಸು ಓದಿದ. ಬೆಳಗ್ಗೆ ಹೆಂಡತಿಗೆ ಮೈ ತೊಳೆಸಿ, ಗಂಜಿ ಕುಡಿಸಿ, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು. ಚೀಟಿಯ ಹಿಂಬದಿಯನ್ನು ತಾನು ಮೊದಲು ಓದಿಕೊಳ್ಳುವುದು. ಮುಂದೆ ಆಗುವುದರ ಸುಳಿವನ್ನು ಮೊದಲೇ ಇಡುವುದು ಮುನ್ಸೂಚನೆ. ಹಳೆಯದಕ್ಕೆ ಹೋಗಿ ಬರುವುದು ಹಿನ್ನೋಟ. ಕತೆಯ ಬಿಗಿ ತುತ್ತತುದಿ ಮುಟ್ಟುವುದು ಪರಾಕಾಷ್ಠೆ. ಒಂದನ್ನು ಇನ್ನೊಂದರ ಹಾಗೆ ಎಂದರೆ ಉಪಮೆ, ಹಾಗೆ ಎನ್ನುವುದನ್ನೂ ಬಿಟ್ಟು ಅದೇ ಇದು ಎಂದರೆ ರೂಪಕ. ಮೂವತ್ತನಾಲ್ಕು ವರ್ಷದಿಂದ ಕಲ್ಲಿನ ಮುಂದೆ ತಾನು ಮಾಡಿಕೊಂಡು ಬಂದದ್ದಕ್ಕೆಲ್ಲ ಹೆಸರಿದೆ ಎಂದು ಅವನಿಗೆ ಆಗ ಗೊತ್ತಾಯಿತು. ತಾತನ ಕಾಲದಿಂದ ಉಳುತ್ತಿದ್ದ ಜಮೀನಿಗೆ ಸರ್ವೆ ನಂಬರಿದೆ ಎಂದು ಮುಪ್ಪಿನಲ್ಲಿ ತಿಳಿದ ರೈತನ ಹಾಗಾಯಿತು ಅವನಿಗೆ. ಎಷ್ಟು ವರ್ಷ ಇದನ್ನು ಹಂಗಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. ಕಲಿತದ್ದನ್ನು ಹೇಳಿ ಭೇಷ್ ಅನ್ನಿಸಿಕೊಳ್ಳಬೇಕಾಗಿದ್ದವಳು ಎದುರಿಗೇ ಕೂತಿದ್ದಳು, ಹ್ಞೂ ಎನ್ನುತ್ತಿದ್ದಳು.

ಒಂದು ದಿನ 'ಸರ್ವಸಾಕ್ಷಿ ನಿರೂಪಕ' ಎನ್ನುವ ಚೀಟಿ ಕೈಗೆ ಬಂತು. ಹಿಂಬದಿಯಲ್ಲಿ ಆಕೆಯ ದುಂಡು ಅಕ್ಷರದಲ್ಲಿ ಹೀಗಿತ್ತು: ಎಲ್ಲ ಪಾತ್ರಗಳ ಮನಸ್ಸಿನೊಳಗೂ ಹೊಕ್ಕು, ಯಾರು ಏನು ಅಂದುಕೊಂಡರು ಎಂದು ತಾನೇ ಹೇಳುವವನು. ಅವನಿಗೆ ಗೊತ್ತಿಲ್ಲದ್ದು ಇಲ್ಲ. ಉದಾಹರಣೆ: ನಮ್ಮ ಮನೆಯವರು.

ಎಷ್ಟು ವರ್ಷ ಈ ಚೀಟಿ ಹಿಡಿದು ಮಕ್ಕಳನ್ನು ನಗಿಸಿದ್ದಳೋ. ವಿಜಯಸಾರಥಿ ಅದನ್ನು ಓದಿ ತಾನೂ ನಕ್ಕ. ನಗಬಾರದಿತ್ತು, ಅಲ್ಲೇ ನಿಂತು ಯೋಚಿಸಬೇಕಿತ್ತು. ಆದರೆ ಅವನು ಯೋಚಿಸುವ ಜಾತಿಯಲ್ಲ, ಮಾತಾಡುವ ಜಾತಿ.

ಪಾಠ ಮುಂದುವರಿಯಿತು. ಒಂದು ಶನಿವಾರ ರಂಜನಾ ಉಪಮೆಯ ಚೀಟಿ ಹಿಡಿದು, "ಮೇಡಂ, ನಿಮ್ಮ ಯಜಮಾನರ ಬಾಯಿ ಯಾವುದರ ಹಾಗೆ?" ಎಂದಳು. ಕೋಮಲವಲ್ಲಿಯ ತುಟಿ ಅಲ್ಲಾಡಿತು. ವಿಜಯಸಾರಥಿ ಮೂರಕ್ಕೇ ಬಾಯಿ ತೆರೆದ, ರಂಜನಾ ಅಂಗೈ ಅಡ್ಡ ಹಿಡಿದಳು. ಹತ್ತಾಯಿತು, ಹನ್ನೆರಡಾಯಿತು. ಹದಿನೇಳೋ ಹದಿನೆಂಟೋ ಆದಾಗ ಆಕೆ ಹೇಳಿದಳು.

"ಸ್ಟೇ... ಷನ್. ಮೈಕು."

ಹಗಲೂ ರಾತ್ರಿ ಬಿಡುವಿಲ್ಲದೆ ಮೂರು ಭಾಷೆಯಲ್ಲಿ ಕೂಗುವ ಆ ಮೈಕು ಮನೆಯೊಳಗೇ ಕೇಳಿಸುತ್ತಿತ್ತು. ಮೂವರೂ ನಕ್ಕರು. ಕೋಮಲವಲ್ಲಿಯ ನಗು ಬಾಯಿಯ ಎಡ ಅರ್ಧದಲ್ಲಿ ಮಾತ್ರ ಬಂತು, ಕಣ್ಣೆರಡರಲ್ಲೂ ಬಂತು. ಆ ವರ್ಷ ಆ ಮನೆಯಲ್ಲಿ ಆಕೆ ನಕ್ಕಿದ್ದು ಅದೊಂದೇ ದಿನ.

ರಂಜನಾ ಇದ್ದಾಗ ಹೀಗೆ. ಇಲ್ಲದಾಗ ವಿಜಯಸಾರಥಿಯ ಹಳೆಯ ಕಸುಬು ಎದ್ದು ಬರುತ್ತಿತ್ತು. ಆಕೆ ಆವತ್ತು ಎನ್ನುವುದು, ಇವನು ಒಂದು, ಎರಡು, ಮೂರು ಎಣಿಸುವುದು, ನಾಲ್ಕಕ್ಕೆ ಆ ಕಷ್ಟ ನೋಡಲಾರದೆ ಕತೆಯನ್ನು ತಾನೇ ಮುಗಿಸುವುದು. ನಿನ್ನ ರಿಟೈರ್‌ಮೆಂಟ್ ಸಮಾರಂಭಕ್ಕೆ ನಾನು ಬರಲಿಲ್ಲವಲ್ಲ, ಅದಾ? ಜಾವಗಲ್ಲಿನ ಹತ್ತಿರ ಬಸ್ಸು ಕೆಟ್ಟು ನಡೆದು ಬಂದೆವಲ್ಲ, ಅದಾ? ನಿಮ್ಮಪ್ಪ ಹೋದ ದಿನವಾ? ಪ್ರತಿಯೊಂದನ್ನೂ ಬರೀ ಹೆಸರಿಸಿ ಬಿಡುತ್ತಿರಲಿಲ್ಲ. ಮಳೆ ಹೇಗಿತ್ತು, ಯಾರು ಏನಂದರು, ಆಕೆಯ ಮನಸ್ಸಿನಲ್ಲಿ ಆಗ ಏನಿತ್ತು, ಎಲ್ಲ ಸೇರಿಸಿ ಪರಾಕಾಷ್ಠೆಗೆ ತಂದು ನಿಲ್ಲಿಸುತ್ತಿದ್ದ. ಆಕೆ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದಳು. ಬಾಯಲ್ಲಿ ಮಾತ್ರ ಹ್ಞೂ. ಮೊದಮೊದಲು ಆ ಬಡಿತದಲ್ಲಿ ಸಿಟ್ಟಿತ್ತು. ಬರಬರುತ್ತಾ ಬರೀ ಬಡಿತವಾಯಿತು. ಶ್ರಾವಣದ ಹೊತ್ತಿಗೆ ಆಕೆ ಆವತ್ತು ಎನ್ನುವುದನ್ನೇ ನಿಲ್ಲಿಸಿದಳು.

ಪಾಪ, ಮರೆತುಹೋಯಿತೇನೋ ಎಂದು ವಿಜಯಸಾರಥಿ ರಂಜನಾಗೆ ಹೇಳಿದ. ಆ ಹುಡುಗಿ ದೊಡ್ಡವರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಆವತ್ತು ಆಡಿದಳು.

"ಮೇಡಂ ಮರೆತಿಲ್ಲ ಸಾರ್, ಬಿಟ್ಟಿದ್ದಾರೆ. ನೀವು ಅವರ ಕತೆಯನ್ನ ಹತ್ತು ಸಲ ಮುಗಿಸಿದ್ರಿ. ಅವರಿಗೆ ಒಂದ್ಸಲಾನೂ ಶುರು ಮಾಡೋಕೆ ಆಗಿಲ್ಲ."

ಅವನು ಬಾಗಿಲ ಹೊರಗೆ ಹೋಗಿ ನಿಂತ. ಗೂಡ್ಸ್ ರೈಲೊಂದು ಹೋಗುತ್ತಿತ್ತು. ಅದರ ಡಬ್ಬಿಗಳನ್ನು ಎಣಿಸಲು ನೋಡಿದ. ಮೂರು ಆದ ಮೇಲೆ ಏನಾದರೂ ಹೇಳಬೇಕು ಎಂದು ನಾಲಿಗೆ ತುರಿಸಿತು. ತನಗಿರುವ ರೋಗ ಏನೆಂದು ಅವನಿಗೆ ಅಲ್ಲಿ ಅರ್ಥವಾಯಿತು.

ಮರುದಿನ ಅಡುಗೆಮನೆಯ ಡಬ್ಬದಿಂದ ಇಪ್ಪತ್ತು ಹುಣಸೆ ಬೀಜ ಆರಿಸಿ ತಂದ. ಬಲಮುಷ್ಟಿಯಲ್ಲಿ ಬೀಜ ಹಿಡಿದುಕೊಂಡು, ಪ್ರಶ್ನೆ ಕೇಳಿದ ಮೇಲೆ ಒಂದೊಂದಾಗಿ ಎಡಗೈಗೆ ದಾಟಿಸುವುದು. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ ಎಂಬ ಉಪಾಯ. ಹಳೇಬೀಡಿಗೆ ಹೋದ ದಿನವೂ ಬೀಜ ಜೇಬಿನಲ್ಲಿ. ಜನರ ಮುಂದೆ ಪ್ರಶ್ನೆ ಹಾಕಿ ಬೀಜ ದಾಟಿಸುತ್ತಾ ನಿಲ್ಲುತ್ತಿದ್ದ. ಏಳೆಂಟಕ್ಕೆಲ್ಲ ಜನ ಮುಂದಿನ ಗೋಡೆಗೆ ಹೋಗಿರುತ್ತಿದ್ದರು. ಹುಚ್ಚಣ್ಣ ದೂರದಿಂದ ನೋಡಿ, "ಏನ್ ಸ್ವಾಮಿ, ಜಪ ಮಾಡ್ತಾ ಇದ್ದೀರೋ, ಗೈಡ್ ಕೆಲ್ಸ ಮಾಡ್ತಾ ಇದ್ದೀರೋ?" ಎಂದ. ವಿಜಯಸಾರಥಿ ಅದಕ್ಕೂ ಇಪ್ಪತ್ತು ಬೀಜ ದಾಟಿಸಿ, ಆಮೇಲೆ ಎರಡೂ ಎಂದ. ಅಷ್ಟರಲ್ಲಿ ಹುಚ್ಚಣ್ಣನಿಗೆ ತಾನು ಕೇಳಿದ್ದೇ ಮರೆತಿತ್ತು.

ಮನೆಯಲ್ಲಿ ಕಷ್ಟಪಟ್ಟು ಬಾಯಿ ಕಟ್ಟಿದ. ಮೊದಲ ವಾರ ಇಪ್ಪತ್ತೂ ದಾಟಿದವು, ಆಕೆಯಿಂದ ಏನೂ ಬರಲಿಲ್ಲ. ಎರಡನೆಯ ವಾರ 'ಮುನ್ಸೂಚನೆ'ಗೆ ಆಕೆ ಮೋಡ ಎಂದಳು, 'ರೂಪಕ'ಕ್ಕೆ ಬಹಳ ಹೊತ್ತು ಸೂರು ನೋಡಿ ತನ್ನ ಬಲಗೈ ಮುಟ್ಟಿ ಕೊರಡು ಎಂದಳು. ದೀಪಾವಳಿಯ ಹೊತ್ತಿಗೆ, ಯಾವ ಚೀಟಿಯನ್ನೂ ತೋರಿಸದಿದ್ದಾಗ, ಗಂಡ ಸುಮ್ಮನೆ ಕೂತಿರುವುದನ್ನು ತುಂಬಾ ಹೊತ್ತು ನೋಡಿ, ಮತ್ತೆ ಆವತ್ತು ಎಂದಳು. ಅವನು ಬೀಜ ದಾಟಿಸಿದ. ಇಪ್ಪತ್ತಾಯಿತು. ಬರಲಿಲ್ಲ. ಆದರೆ ಮಂಚದ ಪಟ್ಟಿಯನ್ನು ಬಡಿಯಲಿಲ್ಲ. ಇನ್ನು ನಾಲ್ಕು ದಿನಕ್ಕೆ "ಆವತ್ತು... ನೀವು" ಎನ್ನುವವರೆಗೆ ಬಂತು.

ಕಾರ್ತಿಕದ ಒಂದು ಬೆಳಗ್ಗೆ, ಗಂಜಿಯ ಲೋಟ ಕೆಳಗಿಟ್ಟ ಮೇಲೆ, ಆಕೆ ಶುರು ಮಾಡಿದಳು.

"ಆವತ್ತು."

ಅವನು ಮುಷ್ಟಿ ಬಿಗಿಹಿಡಿದ. ಮೂರು, ನಾಲ್ಕು, ಐದು.

"ನೀವು."

ಎಂಟು, ಒಂಬತ್ತು, ಹತ್ತು. ಆಕೆಯ ಹಣೆಯ ಮೇಲೆ ಬೆವರು ಕಟ್ಟಿತ್ತು. ಹದಿನೈದನೆಯ ಬೀಜ ಅವನ ಹೆಬ್ಬೆರಳ ಕೆಳಗಿತ್ತು, ಇನ್ನೂ ದಾಟಿಸಿರಲಿಲ್ಲ.

"ಸುಮ್ಮನಿದ್ರಿ."

ಹತ್ತು ತಿಂಗಳಾದ ಮೇಲೆ ಬಂದ ಮೂರು ಪದ. ಆಕೆಯ ಕೆಳತುಟಿ ಇನ್ನೂ ಅಲ್ಲಾಡುತ್ತಲೇ ಇತ್ತು, ಮುಂದಿನ ಮಾತಿನ ಆಕಾರ ಮಾಡಿಕೊಳ್ಳುತ್ತಿತ್ತು. ಅವನ ಮುಷ್ಟಿಯಲ್ಲಿ ಆರು ಬೀಜ ಉಳಿದಿತ್ತು.

"ಆಸ್ಪತ್ರೇಲಿ, ಅಲ್ವಾ ಕೋಮಲಾ?" ಎಂದುಬಿಟ್ಟ ವಿಜಯಸಾರಥಿ. "ನಿನ್ನ ಕಾಲು ಹಿಡ್ಕೊಂಡು ಕೂತಿದ್ದೆನಲ್ಲ, ಇಡೀ ದಿನ. ಆವತ್ತು ನಾನು ಸುಮ್ಮನಿದ್ದದ್ದು. ಅದನ್ನೇ ಹೇಳ್ತಿದ್ದೀಯಾ ಇಷ್ಟು ದಿನದಿಂದ?"

ತುಟಿ ನಿಂತಿತು. ಆಕೆ ಅವನನ್ನು ನೋಡಿದಳು. ಆಮೇಲೆ ಹ್ಞೂ ಎಂದು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಅವನಿಗೆ ಆಗ ಏನೂ ಹೊಳೆಯಲಿಲ್ಲ. ಸಂತೋಷ ಉಕ್ಕಿ ಹರಿಯುತ್ತಿತ್ತು. ರಂಜನಾಗೆ ಫೋನು ಮಾಡಿದ, ಪಕ್ಕದ ಮನೆಯವರಿಗೆ ಹೇಳಿದ, ಹಳೇಬೀಡಿಗೆ ಹೋಗಿ ಹುಚ್ಚಣ್ಣನನ್ನು ಕೂರಿಸಿಕೊಂಡು ಹೇಳಿದ. ಪ್ರತಿ ಸಲವೂ ಕತೆ ಒಂದಿಷ್ಟು ಬೆಳೆಯಿತು. ಮೂರನೆಯ ಸಲ ಹೇಳುವಾಗ ಆಕೆಯ ಕಣ್ಣಲ್ಲಿ ನೀರು ಬಂದಿತ್ತು, ನಾಲ್ಕನೆಯ ಸಲಕ್ಕೆ ಆಕೆ ಅವನ ಕೈ ಹಿಡಿದಿದ್ದಳು. ರಂಜನಾ ಫೋನಿನಲ್ಲಿ ಒಂದೇ ಮಾತು ಕೇಳಿದ್ದಳು, ಅವರೇ ಹೇಳಿದರಾ ಆಸ್ಪತ್ರೆ ಅಂತ? ಹ್ಞೂ ಅಂದಳು ಎಂದ ಇವನು. ಆ ಹುಡುಗಿ ಫೋನು ಇಟ್ಟಳು.

ಅದಾದ ಐದನೆಯ ದಿನ ಎರಡನೆಯ ಸಲ ಲಕ್ವ ಹೊಡೆಯಿತು. ಹಾಸನ ತಲುಪುವ ಮೊದಲೇ, ಆಂಬುಲೆನ್ಸಿನಲ್ಲಿ, ಹೋದಳು. ಕೊನೆಯಲ್ಲಿ ಏನಾದರೂ ಅಂದಳೇ ಎಂದು ಎಲ್ಲರೂ ಕೇಳಿದರು. ಅನ್ನಲಿಲ್ಲ. ನಾಲ್ಕು ದಿನದಿಂದ ಏನೂ ಅಂದಿರಲಿಲ್ಲ. ಚೀಟಿ ತೋರಿಸಿದರೆ ಬಾಯಿಪಾಠವನ್ನೂ ಹೇಳಿರಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ರಂಜನಾ ಬಂದಳು. ಊಟವಾದ ಮೇಲೆ ಎಲೆ ತೆಗೆಯುವ ಗಲಾಟೆಯ ನಡುವೆ ಅವನ ಪಕ್ಕ ಕೂತಳು. ಅತ್ತಿರಲಿಲ್ಲ, ಅಳುವವಳ ಹಾಗೂ ಇರಲಿಲ್ಲ.

"ಎಷ್ಟು ಬೀಜ ಉಳಿದಿತ್ತು, ಸಾರ್?"

ವಿಜಯಸಾರಥಿ ಹೇಳಿದ. ಆರು. ರಂಜನಾ ತಲೆಯಾಡಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದಳು.

ಇನ್ನೊಂದು ದಿನದ ಮಾತು ಈಗ ಬರಬೇಕು. ಮಗು ಹೋದ ಹದಿನಾರನೆಯ ದಿನ, ಬೇಲೂರಿನ ಮನೆ. ನಡುಮನೆಯಲ್ಲಿ ನೆಂಟರು ಕೂತಿದ್ದರು. ಕೋಮಲವಲ್ಲಿ ಎಲ್ಲರಿಗೂ ನೀರು ತಂದಿಡುತ್ತಿದ್ದಳು, ಎದೆಹಾಲು ಇನ್ನೂ ನಿಂತಿರಲಿಲ್ಲ, ಸೆರಗು ಒದ್ದೆಯಾಗಿತ್ತು. ವಿಜಯಸಾರಥಿಯ ತಾಯಿ ಅದನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದಳು. ಹೆತ್ತದ್ದನ್ನು ಉಳಿಸಿಕೊಳ್ಳೋಕೆ ಬಾರದವಳು ಊರಮಕ್ಕಳಿಗೆ ಪಾಠ ಹೇಳೋಕೆ ಹೋಗ್ತಾಳೆ, ಅದಕ್ಕೇ ಹೀಗಾಗಿದ್ದು. ಕೋಮಲವಲ್ಲಿ ನೀರಿನ ಚೊಂಬು ಹಿಡಿದು ನಿಂತು ಗಂಡನ ಕಡೆ ನೋಡಿದಳು. ಗುರುತಿನ ಚೀಟಿಗಾಗಿ ಗೈಡುಗಳು ಟಿಕೆಟ್ ಕೌಂಟರಿನ ಮುಂದೆ ಐದು ದಿನ ಧರಣಿ ಕೂತಾಗ ಇಲಾಖೆಯ ಸಾಹೇಬರನ್ನೇ ಮಾತಿನಲ್ಲಿ ಸುಸ್ತು ಮಾಡಿ ಕಳಿಸಿದವನು ಅವನು. ಬಸ್ಸುಗಟ್ಟಲೆ ಜನರನ್ನು ನಗಿಸಿ ಅಳಿಸಿ ಕಳಿಸುವವನು. ಆ ನಡುಮನೆಯಲ್ಲಿ ಅವನು ತಟ್ಟೆಯಲ್ಲಿದ್ದ ವೀಳ್ಯದೆಲೆಯ ನಾರು ತೆಗೆಯುತ್ತಾ ಕೂತಿದ್ದ. ಒಂದು ಎಲೆ, ಎರಡು ಎಲೆ, ಮೂರು. ಸಂಜೆಯವರೆಗೂ ಬಾಯಿ ಬಿಡಲಿಲ್ಲ.

ಮರುತಿಂಗಳು ಇಬ್ಬರೂ ಅರಸೀಕೆರೆಗೆ ಬಂದು ಮನೆ ಮಾಡಿದರು. ಆ ದಿನದ ಬಗ್ಗೆ ಆಕೆ ಒಂದು ಸಲವೂ ಕೇಳಲಿಲ್ಲ, ಇವನು ಒಂದು ಸಲವೂ ಹೇಳಲಿಲ್ಲ. ಮೂವತ್ತೊಂದು ವರ್ಷ.

ಆಕೆ ಸುಮ್ಮನಿದ್ರಿ ಎಂದ ಗಳಿಗೆಯಲ್ಲಿ ಅವನ ಕಣ್ಣಿಗೆ ಎರಡೂ ದಿನ ಕಂಡಿದ್ದವು. ಅದನ್ನು ಅವನು ಯಾರಿಗೂ ಹೇಳಿಲ್ಲ, ಆದರೆ ನಿಜ. ವೀಳ್ಯದೆಲೆಯ ತಟ್ಟೆಯೇ ಮೊದಲು ಕಂಡಿತು. ಅದು ಆಕೆಯ ಬಾಯಿಗೆ ಬರುವ ಮೊದಲೇ ಆಸ್ಪತ್ರೆಯ ಮಂಚವನ್ನು ಎಳೆದು ಮುಂದಕ್ಕೆ ತಂದ. ಮೂವತ್ತನಾಲ್ಕು ವರ್ಷದಿಂದ ಹಾಗೇ ಅಲ್ಲವೇ ಮಾಡಿದ್ದು, ಕೇಳುವವರು ಬಾಯಿ ತೆರೆಯುವುದರೊಳಗೆ ತನಗೆ ಬೇಕಾದ ಉತ್ತರ ಕೊಟ್ಟು ಮುಂದಿನ ಗೋಡೆಗೆ ನಡೆಸುವುದು. ಆಕೆ ಆಸ್ಪತ್ರೆಯ ದಿನವನ್ನೇ ಹೇಳುತ್ತಿದ್ದರೆ ಪುಣ್ಯ. ಬೇಲೂರಿನ ದಿನವಾಗಿದ್ದರೆ, ಮೂವತ್ತೊಂದು ವರ್ಷ ಹೊತ್ತ ನೋವನ್ನು ಹತ್ತು ತಿಂಗಳು ಒದ್ದಾಡಿ ಬಾಯಿಯ ತುದಿಗೆ ತಂದವಳ ಮುಂದೆ ಅವನು ತನ್ನ ಒಳ್ಳೆಯತನವನ್ನು ಜಂಬದಿಂದ ಹೇಳಿಕೊಂಡ. ಆಕೆ ಹ್ಞೂ ಎಂದು ಗೋಡೆಗೆ ತಿರುಗಿದಳು. ಯಾವುದೆಂದು ತಿಳಿಯಲು ಬೇಕಾಗಿದ್ದದ್ದು ಆರು ಬೀಜದಷ್ಟು ಹೊತ್ತು. ಅದು ಇನ್ನು ಸಿಗುವುದಿಲ್ಲ. ಕ್ಷಮೆ ಕೇಳೋಣವೆಂದರೆ ಯಾವ ದಿನಕ್ಕೆಂದು ಕೇಳುವುದು, ಯಾರನ್ನು ಕೇಳುವುದು.

ಒಂದೂವರೆ ತಿಂಗಳಾದ ಮೇಲೆ ವಿಜಯಸಾರಥಿ ಕೆಲಸಕ್ಕೆ ಹೋದ. ಹೋಗದೆ ಮನೆಯಲ್ಲಿ ಏನು ಮಾಡುವುದು, ಸ್ಟೇಷನ್ ಮೈಕು ಕೇಳಿಕೊಂಡು? ದೂರದ ಊರಿ‌ನ ಒಂದು ಸಂಸಾರ ಸಿಕ್ಕಿತು; ಗಂಡ, ಹೆಂಡತಿ, ಹೆಂಡತಿಯ ತಾಯಿ. ಆನೆಯ ಸಾಲು ಬಂತು. ಹೊಟ್ಟೆನೋವಿನ ಆನೆ, ಮುನಿಸಿನ ಆನೆ ಯಾವುದನ್ನೂ ಅವನು ಹೇಳಲಿಲ್ಲ. ಮೂಲೆಯದರ ಮುಂದೆ ನಿಲ್ಲಲೇ ಇಲ್ಲ, ಅಷ್ಟು ದೂರ ಮುಂದೆ ಹೋಗಿ ಅವರು ಬರಲಿ ಎಂದು ನಿಂತ. ಸುತ್ತು ಮುಗಿದು ಗೇಟಿನ ಹತ್ತಿರದ ಹುಲ್ಲಿನ ಮೇಲೆ ಬಂದಾಗ ಕಿರಿಯ ಹೆಂಗಸು ತಲೆಯೆತ್ತಿ ನೋಡಿ, ಈ ದೇವಸ್ಥಾನಕ್ಕೆ ಗೋಪುರ ಯಾಕಿಲ್ಲ ಎಂದು ಕೇಳಿದಳು.

ಇದಕ್ಕೆ ಅವನ ಬಳಿ ಒಂದು ಕತೆಯಿತ್ತು. ಕಳಶ ಇಡುವ ಹಿಂದಿನ ದಿನ ಶಿಲ್ಪಿಯ ಹೆಂಡತಿ ಗಂಡನ ಉಳಿ ಬಚ್ಚಿಟ್ಟ ಕತೆ. ಪೂರ್ತಿ ಅವನೇ ಹೆಣೆದದ್ದು, ಅರ್ಧ ಗಂಟೆಯದು, ಕೊನೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳದೆ ಹೋದದ್ದಿಲ್ಲ. ಉಳಿ ಬಚ್ಚಿಟ್ಟವಳ ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನಂತೂ ಎಳೆಎಳೆಯಾಗಿ ಬಿಡಿಸಿ ಹೇಳುತ್ತಿದ್ದ.

"ಗೊತ್ತಿಲ್ಲಮ್ಮ," ಎಂದ ವಿಜಯಸಾರಥಿ.

ಅವರು ಇನ್ನೇನಾದರೂ ಹೇಳುತ್ತಾನೆಂದು ಕಾದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಚಪ್ಪಲಿ ಬಿಟ್ಟ ಕಡೆ ನಡೆದರು. ಗೇಟಿನಲ್ಲಿ ಹುಚ್ಚಣ್ಣ ಎಲ್ಲ ಕೇಳಿಸಿಕೊಂಡು ನಿಂತಿದ್ದ.

"ಅಲ್ಲ ಸ್ವಾಮಿ, ಗೊತ್ತಿಲ್ಲ ಅನ್ನಾಕೆ ಗೈಡು ಯಾಕ್ ಬೇಕು? ಅದನ್ನ ನಾನೂ ಯೋಳ್ತಿದ್ನಲ್ಲ. ಏನಾಗೈತೆ ನಿಮ್ಗೆ?"

ವಿಜಯಸಾರಥಿ ಜೇಬಿಗೆ ಕೈ ಹಾಕಿದ. ಹದಿನಾಲ್ಕು ಬೀಜ ಮನೆಯಲ್ಲಿ ಮಿಂಚುಪಟ್ಟಿಯ ಕಟ್ಟಿನ ಜೊತೆ ಟ್ರಂಕಿನಲ್ಲಿದ್ದವು. ಉಳಿದ ಆರು ಇಲ್ಲಿದ್ದವು. ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ನೋಡುತ್ತಾ ನಿಂತ. ಹುಚ್ಚಣ್ಣ ಅಷ್ಟು ಹೊತ್ತು ಕಾಯುವವನಲ್ಲ, ಯಾರಿಗೋ ಎಳನೀರು ಕೊಚ್ಚಲು ಮಚ್ಚು ಎತ್ತಿಕೊಂಡ.